ಬಾಡಿಗೆ ದುಡ್ಡಲ್ಲೇ ಫ್ಲಾಟಿನ ಇಎಂಐ ಕಟ್ಟಬಹುದಾ?

ಕೈಯಲ್ಲಿ 20 ಲಕ್ಷ ಇದೆ, ತುಮಕೂರಲ್ಲಿ ಖಾಲಿ ಬಿದ್ದಿರುವ 30/40ರ ಸೈಟ್ ಇದೆ ಅಂದಿದ್ದೀರಿ. ಬೆಂಗಳೂರಲ್ಲಿ 55 ಲಕ್ಷದ ಫ್ಲಾಟ್ ಕೊಂಡು ಬಾಡಿಗೆಗೆ ಬಿಟ್ಟರೆ ಸಾಲ ತಾನಾಗೇ ತೀರುತ್ತದಾ ಅಂತ ನಿಮ್ಮ ಪ್ರಶ್ನೆ. ತೀರುವುದಿಲ್ಲ. ಲೆಕ್ಕ ಹಾಕಿ ನೋಡೋಣ.

40 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 34,700. ಆ ಬೆಲೆಯ ಫ್ಲಾಟಿಗೆ 15-16 ಸಾವಿರ ಬಾಡಿಗೆ ಬಂದರೆ ಪುಣ್ಯ. ಉಳಿದದ್ದು ನಿಮ್ಮ ಸಂಬಳದಿಂದ ಹೋಗಬೇಕು. ಮನೆ ಖಾಲಿ ಇದ್ದ ತಿಂಗಳು ಮೇಂಟೆನೆನ್ಸೂ ನಿಮ್ಮ ತಲೆ ಮೇಲೆ. ಇನ್ನು ನೋಂದಣಿ ಖರ್ಚಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ. ಎಲ್ಲಾ ಸೇರಿ ನಾಲ್ಕು ಲಕ್ಷದ ಮೇಲೆ. ನಿಮ್ಮ 20 ಲಕ್ಷದಲ್ಲಿ ಉಳಿಯುವುದು ಚಿಲ್ಲರೆ.

ಬಡ್ಡಿ ತೋರಿಸಿ ತೆರಿಗೆ ಉಳಿಸಬಹುದು ಅಂತ ಬ್ರೋಕರ್ ಹೇಳಿರುತ್ತಾರೆ, ಅಲ್ವಾ? ತೆರಿಗೆ ಲೆಕ್ಕಕ್ಕೆ ಬಾಡಿಗೆಯಲ್ಲಿ ಶೇ. 30 ಕಳೆಯುವುದು ಆದಾಯ ತೆರಿಗೆಯ ಹಳೇ, ಹೊಸ ಎರಡೂ ಪದ್ಧತಿಯಲ್ಲಿ ಇದೆ. ಆದರೆ ಬಡ್ಡಿಯಿಂದ ಆಗುವ ನಷ್ಟವನ್ನು ಸಂಬಳದ ಜೊತೆ ವರ್ಷಕ್ಕೆ 2 ಲಕ್ಷದವರೆಗೆ ಹೊಂದಿಸುವುದು ಹಳೇ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇದ್ದರೆ ಆ ಮಾತು ಮರೆತುಬಿಡಿ.

ನಾನಾಗಿದ್ದರೆ ಆ ಸೈಟಲ್ಲೇ ಕಟ್ಟಿಸುತ್ತಿದ್ದೆ. ಮೈಸೂರಲ್ಲಿ ನಮ್ಮ ಮನೆ ಮೇಲೆ ಎರಡು ಸಣ್ಣ ಬಾಡಿಗೆ ಮನೆ ಇವೆ, ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, 2 ಲಕ್ಷದ ಆಸುಪಾಸು ಹಿಡಿದರೂ ಐದೈದು ಚದರದ ಎರಡು ಮನೆ ನಿಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ ಏಳುತ್ತವೆ. ಒಂದೊಂದಕ್ಕೆ 7 ಸಾವಿರ ಬಂದರೂ ಅದು ಪೂರ್ತಿ ನಿಮ್ಮದು. ಒಂದು ಖಾಲಿಯಾದರೆ ಇನ್ನೊಂದು ನಡೆಯುತ್ತಿರುತ್ತದೆ.

ಕಟ್ಟುವಾಗಲೇ ಎರಡು ಮೀಟರ್ ಹಾಕಿಸಿ. ನಾನು ಖರ್ಚು ಉಳಿಸಲು ಒಂದೇ ಮೀಟರ್ ಇಟ್ಟು, ಪ್ರತಿ ತಿಂಗಳು ಗೀಸರ್ ಯಾರದು ಎಷ್ಟು ಹೊತ್ತು ಉರಿಯಿತು ಅಂತ ಪಂಚಾಯ್ತಿ ಮಾಡಿದ್ದೇನೆ. ಮೇಲಿನ ಟ್ಯಾಂಕೂ ಬೇರೆ ಬೇರೆ ಇರಲಿ. ಒಬ್ಬರು ನಲ್ಲಿ ಬಿಟ್ಟು ಊರಿಗೆ ಹೋದರೆ ಇನ್ನೊಬ್ಬರು ಬೆಳಿಗ್ಗೆ ಆರಕ್ಕೆ ಬಕೆಟ್ ಹಿಡಿದು ನಿಮ್ಮ ಬಾಗಿಲಿಗೇ ಬರುವುದು.

ಇನ್ನೊಂದು ವಿಷಯ, ಲೀಸು. ಯಾರೋ ಬಂದು ‘ಆರು ಲಕ್ಷ ಒಟ್ಟಿಗೆ ಕೊಡ್ತೀನಿ, ಮೂರು ವರ್ಷ ಬಾಡಿಗೆ ಬೇಡ, ಬಿಡುವಾಗ ದುಡ್ಡು ವಾಪಸ್ ಕೊಡಿ’ ಅಂದರೆ ಬಾಯಲ್ಲಿ ನೀರೂರುತ್ತದೆ. ನನಗೂ ಊರಿತು. ಆ ದುಡ್ಡು ತಂಗಿಯ ಮದುವೆಗೆ ಕರಗಿತು. ಮೂರು ವರ್ಷ ಕಳೆದು ಅವರು ಮನೆ ಬಿಡುವ ದಿನ ಹೊಸಬರು ಸಿಕ್ಕಿರಲಿಲ್ಲ. ಹೆಂಡತಿಯ ಬಳೆ, ಸರ ಅಡ ಇಟ್ಟು ದುಡ್ಡು ಹೊಂದಿಸಿದೆ. ಅವರು ಮಾತ್ರ ಒಂದು ರೂಪಾಯಿ ಬಾಡಿಗೆ ಕೊಡದೆ ಮೂರು ವರ್ಷ ಇದ್ದು ಹೋದರು! ಅವರ ತಪ್ಪಲ್ಲ ಬಿಡಿ, ಕರಾರು ಇದ್ದದ್ದೇ ಹಾಗೆ. ಈಗ ನಾನು ತೆಗೆದುಕೊಳ್ಳುವ ಅಡ್ವಾನ್ಸನ್ನೂ ಎಫ್‌ಡಿ ಮಾಡಿ ಇಡುತ್ತೇನೆ, ಮುಟ್ಟುವುದಿಲ್ಲ.

ಕರಾರು 11 ತಿಂಗಳಿಗೆ ಮಾಡಿಸಿ, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಬಿಡುವಾಗ ಸುಣ್ಣ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನು ಅದರಲ್ಲೇ ಬರೆಸಿ. ಜಗಳ ಶುರುವಾಗುವುದೇ ಅಲ್ಲಿ.

ಇಷ್ಟಾದರೂ ಬೆಂಗಳೂರಿನ ಫ್ಲಾಟೇ ಬೇಕು ಅಂದರೆ ಮೂಲ ಪತ್ರ, 30 ವರ್ಷದ ಇ.ಸಿ. (ಆಸ್ತಿ ಮೇಲಿನ ಸಾಲ, ಮಾರಾಟದ ವಿವರ ತೋರಿಸುವ ಋಣಭಾರ ಪತ್ರ), ಇ-ಖಾತಾ ಮೂರನ್ನೂ ವಕೀಲರಿಗೆ ತೋರಿಸದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. ಆಮೇಲೆ ಏಪ್ರಿಲ್‌ನಲ್ಲಿ ಒಂದು ಭಾನುವಾರ ಅಲ್ಲಿಗೆ ಹೋಗಿ, ವಾಚ್‌ಮನ್‌ಗೆ ಒಂದು ಟೀ ಕೊಡಿಸಿ, ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಬರುತ್ತದೆ ಕೇಳಿ.