ರೆಂಗೋಕು ಸತ್ತ ಮೇಲೂ ಯಾಕೆ ಮನಸ್ಸಿನಲ್ಲಿ ಉಳಿಯುತ್ತಾನೆ?

ಜಪಾನಿನ 'ಡೀಮನ್ ಸ್ಲೇಯರ್' ಕಾಮಿಕ್ಸ್-ಅನಿಮೆ ಕತೆಯಲ್ಲಿ ರಾಕ್ಷಸರನ್ನು ಬೇಟೆಯಾಡುವ ಕತ್ತಿವೀರ ರೆಂಗೋಕು ಕ್ಯೋಜುರೊ ಇರುವುದೇ ಸ್ವಲ್ಪ ಹೊತ್ತು, ಆದರೂ ಯಾಕೆ ಅಷ್ಟೊಂದು ಜನಕ್ಕೆ ಅವನೇ ಸ್ಫೂರ್ತಿ ಅಂತ ಕೇಳಿದ್ದೀರಿ.

ನನ್ನ ಪ್ರಕಾರ, ಅವನು ಹೇಳಿದ ಮಾತಿಗೆ ಕೊನೆವರೆಗೂ ನಿಂತ. ಅದೇ ಕಾರಣ. ಚಿಕ್ಕವನಿದ್ದಾಗ ಕಾಯಿಲೆ ಬಿದ್ದ ಅವನ ತಾಯಿ ಹತ್ತಿರ ಕೂರಿಸಿಕೊಂಡು, ಬಲ ಇರುವವರು ಇಲ್ಲದವರನ್ನು ಕಾಯಬೇಕು, ಅದು ನಿನ್ನ ಜವಾಬ್ದಾರಿ ಅಂತ ಹೇಳಿರುತ್ತಾಳೆ. ತಾಯಿ ಹೋದ ಮೇಲೆ ಅಪ್ಪ ಕುಡಿತಕ್ಕೆ ಬೀಳುತ್ತಾನೆ, ಮಗ ಏನು ಸಾಧಿಸಿದರೂ ಒಂದು ಒಳ್ಳೆ ಮಾತಿಲ್ಲ. ಆದರೂ ಅವನು ಕುಗ್ಗುವುದಿಲ್ಲ.

2020ರಲ್ಲಿ ಬಂದ 'ಮುಗೆನ್ ಟ್ರೇನ್' ಸಿನಿಮಾದ ಕೊನೆಯ ಕಾಳಗ ನೋಡಿ. ಎದುರಿಗಿರುವ ರಾಕ್ಷಸ ಅಕಾಜಾನ ಗಾಯ ಕ್ಷಣದಲ್ಲಿ ಮಾಯುತ್ತದೆ, ಇವನ ಒಂದು ಕಣ್ಣು ಹೋಗಿದೆ, ಪಕ್ಕೆಲುಬು ಮುರಿದಿದೆ. ರಾಕ್ಷಸನಾಗು, ಸಾವೇ ಇರಲ್ಲ ಅಂತ ಅಕಾಜಾ ಮತ್ತೆ ಮತ್ತೆ ಕರೆಯುತ್ತಾನೆ. ಇವನು ಒಪ್ಪುವುದಿಲ್ಲ. ಮುಪ್ಪಾಗುವುದು, ಸಾಯುವುದು, ಅದೇ ಮನುಷ್ಯನ ಚೆಲುವು ಅನ್ನುತ್ತಾನೆ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ರಾಕ್ಷಸರಿಗೆ ಬಿಸಿಲು ಬಿದ್ದರೆ ಸಾವು, ಹಾಗಾಗಿ ಬೆಳಕು ಹರಿದಾಗ ಓಡಿಹೋಗುವುದು ಅಕಾಜಾ. ರೆಂಗೋಕು ಸಾಯುತ್ತಾನೆ, ಆದರೆ ಅವನು ಕಾಯುತ್ತಿದ್ದ ರೈಲಿನಲ್ಲಿದ್ದ 200 ಜನರಲ್ಲಿ ಒಬ್ಬರೂ ಸತ್ತಿಲ್ಲ! ಸೋತದ್ದು ರೆಂಗೋಕು ಅಲ್ಲ, ನೀನು ಅಂತ ಕತೆಯ ನಾಯಕ ತಾಂಜಿರೊ ಅಕಾಜಾನಿಗೆ ಅಳುತ್ತಾ ಕೂಗುವುದು ಇದನ್ನೇ ಅಲ್ವಾ?

ಆಮೇಲೆ ರೆಂಗೋಕುವಿನ ತಮ್ಮ, ಅಣ್ಣನ ಕತ್ತಿಯ ಹಿಡಿಕೆ ಹತ್ತಿರ ಇರುವ ಆ ಬೆಂಕಿ ಆಕಾರದ ತಡೆಬಿಲ್ಲೆಯನ್ನು ತಾಂಜಿರೊಗೆ ಕೊಡುತ್ತಾನೆ. ಮುಂದೆ ತಾಂಜಿರೊ ಅದನ್ನು ತನ್ನ ಕತ್ತಿಗೆ ಹಾಕಿಸಿಕೊಂಡೇ ಹೋರಾಡುತ್ತಾನೆ.