ಒಂದು ಸೆನ್ಸರ್ ಕೆಟ್ಟರೆ ತೋಟವೆಲ್ಲ ಮೂಕ

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟದಲ್ಲಿ ತೇವ ಅಳೆಯುವ, ಜಿಗ್ಬೀ ಎಂಬ ಕಡಿಮೆ ವಿದ್ಯುತ್ತಿನ ವೈರ್‌ಲೆಸ್ ಜಾಲದ ಸೆನ್ಸರ್‌ಗಳಿವೆ. ಬೋರ್‌ವೆಲ್ ಪಕ್ಕದ್ದು ಕೆಟ್ಟರೆ ಅದರಾಚೆಯವೆಲ್ಲ ಸುಮ್ಮನಾಗುತ್ತವೆ. ಹೊರಗಿನವರು ಸುಳ್ಳು ಸಂದೇಶ ಕಳಿಸಿ ಮೋಟರ್ ಹಾಕಬಹುದಾ ಸಾರ್?

ಉತ್ತರ: ಹಾಕಬಹುದು, ನನಗೂ ಅದೇ ಚಿಂತೆ. ಜಿಗ್ಬೀಯಲ್ಲಿ ಸಂದೇಶವನ್ನು ಹೊರಗಿನವರು ಓದದಂತೆ ಮಾಡುವ 128 ಬಿಟ್ ಎಇಎಸ್ ಗೂಢಲಿಪಿ ಇದೆ, ನಿಜ. ಆದರೆ ಎಲ್ಲರಿಗೂ ಗೊತ್ತಿರುವ ಡೀಫಾಲ್ಟ್ ಕೀಯಿಂದ, ಅಂದರೆ ಮೊದಲೇ ಇಟ್ಟಿರುವ ಸಾಮಾನ್ಯ ಬೀಗದ ಸಂಖ್ಯೆಯಿಂದ, ಸೆನ್ಸರ್ ಸೇರಿಸಿದ್ದರೆ ಏನು ಬಂತು? ಒಂದೊಂದರದೂ ಬೇರೆ ಇನ್‌ಸ್ಟಾಲ್ ಕೋಡ್ (ಆ ಸೆನ್ಸರ್‌ಗೆ ಮಾತ್ರ ಸೇರಿದ ಗುಟ್ಟಿನ ಸಂಖ್ಯೆ) ಹಾಕಿ ಮತ್ತೆ ಸೇರಿಸಿ. ನಿನ್ನೆಯ 'ಆನ್' ಸಂದೇಶ ಹಿಡಿದಿಟ್ಟು ಇವತ್ತು ಹಾಗೇ ಕಳಿಸುವವರೂ ಇರುತ್ತಾರೆ, ಅಲ್ವಾ? ಅದಕ್ಕೇ ಪ್ರತಿ ಸಂದೇಶಕ್ಕೂ ಏರುತ್ತಾ ಹೋಗುವ ಸಂಖ್ಯೆ ಇರುತ್ತದೆ. ಹಳೇ ಸಂಖ್ಯೆ ಬಂದರೆ ಮೋಟರ್ ನಡೆಸುವ ಕಂಟ್ರೋಲರ್ ಅದನ್ನು ಬಿಸಾಡಬೇಕು.

ಬೋರ್‌ವೆಲ್ ಪಕ್ಕದ್ದು ಆಚೆಯ ಎಲ್ಲ ಸೆನ್ಸರ್‌ಗಳ ಸಂದೇಶ ಹೊರುತ್ತದೆ, ಅದಕ್ಕೇ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಇನ್ನೊಂದು ಬದಿಗೆ ಸಂದೇಶ ಮುಂದಕ್ಕೆ ದಾಟಿಸುವ ಸೋಲಾರ್ ರೂಟರ್ ಹಾಕಿ, ಎರಡನೇ ದಾರಿ ಆಗುತ್ತದೆ. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ, ಆಂಟೆನಾ ಎತ್ತರದಲ್ಲಿರಲಿ. ಸಂದೇಶ ನಿಂತರೆ ಮೋಟರ್ ತಾನಾಗೇ ಆಫ್ ಆಗುವಂತೆ ಮಾಡಿಸಿ.