ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ನಕ್ಷತ್ರ

ಬೀದರಿನ ಮನೆಯ ಟ್ರಂಕಿನಲ್ಲಿ ಆರು ಮೂಲೆಯ ಕಂಚಿನ ನಕ್ಷತ್ರ ಸಿಕ್ಕಿದೆ, ಸೇನೆಯಲ್ಲಿ ನರ್ಸ್ ಆಗಿದ್ದ ಅಜ್ಜಿಗೆ ಅದನ್ನು ಯಾಕೆ ಕೊಟ್ಟರು ಅಂತ ಕೇಳಿದ್ದೀರಿ ಅಲ್ವಾ? ರಿಬ್ಬನ್ ನಡುವೆ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯೊಳಗೆ ಸಣ್ಣ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ಸ್ಟಾರ್. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ದುಡಿದವರ ಪದಕ. ಅಲ್ಲಿ ಗುಂಡೇಟಿಗಿಂತ ಮಲೇರಿಯಾ, ಭೇದಿಯ ಕಾಟವೇ ಜಾಸ್ತಿ. ಮಲೇರಿಯಾ ತಡೆಯೋ ಮೆಪಾಕ್ರಿನ್ ಮಾತ್ರೆ ನುಂಗಿ ನುಂಗಿ ಮೈಯೆಲ್ಲ ಅರಿಶಿನ ಬಳಿದಂತೆ ಹಳದಿಯಾಗುತ್ತಿತ್ತು.

ಅಜ್ಜಿ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದರೆ ಸುಮ್ನೆ ‘ಸಿಸ್ಟರ್’ ಅಲ್ಲ. 1943ರ ಸುಗ್ರೀವಾಜ್ಞೆಯ ನಂತರ ಅವರು ಸೇನಾಧಿಕಾರಿಗಳೇ.

ಹಾಂ, ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕಲಬುರಗಿಯಲ್ಲಿ ನಮ್ಮ ಚಿಕ್ಕಮ್ಮ ಹಾಗೆ ತಿಕ್ಕಿ ತಾತನ ಪದಕದ ಅರ್ಧ ಅಕ್ಷರ ಅಳಿಸಿಬಿಟ್ಟರು. ಕಪ್ಪಾಗಿದ್ದರೆ ಇರಲಿ. ಬಿದರಿ ಕೆಲಸದ ಊರಿನವರಿಗೆ ಕಪ್ಪಿನ ಬೆಲೆ ನಾನು ಹೇಳಬೇಕಾ?